ಒಂದು ಬ್ಲೇಡಿನ ಅಂತರ

ಗುಡ್ಡದ ಮೇಲಿನ ಸಿಡಿಲು ತಡೆಯುವ ಗೋಪುರ ಕೆಲಸ ಮಾಡತೊಡಗಿದ ಮೂರನೆಯ ತಿಂಗಳಿಗೆ ಕಲ್ಲದೇವನ ಕ್ರಾಸಿನ ಹೆಂಗಸರು ಮತ್ತೆ ಕಡ್ಡಿಪೆಟ್ಟಿಗೆ ತರಿಸತೊಡಗಿದರು. ಗ್ಯಾಸ್ ಒಲೆಯ ಲೈಟರು ಎಷ್ಟು ಒತ್ತಿದರೂ ಟಕ್ ಎನ್ನುತ್ತಿತ್ತೇ ಹೊರತು ಕಿಡಿ ಕೊಡುತ್ತಿರಲಿಲ್ಲ. ಪೆಟ್ರೋಲು ಕುಡಿಯುವ ಬೈಕು, ಆಟೊಗಳು ಎಳೆಗರುವಿನಂತೆ ನಾಲ್ಕು ಹೆಜ್ಜೆ ಹೋಗಿ ಮುಗ್ಗರಿಸುತ್ತಿದ್ದವು, ಕೆಮ್ಮುತ್ತಿದ್ದವು, ಕಡೆಗೆ ನಿಂತೇಬಿಡುತ್ತಿದ್ದವು. ಅವನ್ನು ತಳ್ಳಿಕೊಂಡು ಬಂದವರು ಹೊಳೆಯ ದಾರಿಯಲ್ಲಿದ್ದ ಮೋನಪ್ಪ ಬಡಿಗೇರನ ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಮುಂದೆ ಚಳಿಗಾಲ ಬಂದಾಗ ಇನ್ನೊಂದು ಸೋಜಿಗ ಕಂಡಿತು. ಉಣ್ಣೆಯ ಟೋಪಿ ತೆಗೆದರೆ ಕೂದಲು ಚಟಚಟ ಎನ್ನುತ್ತಿದ್ದುದು ನಿಂತುಹೋಗಿತ್ತು.

ಆದರೂ ಗೋಪುರವನ್ನು ಬೈದವರಿಲ್ಲ. ಆ ವರ್ಷದ ಮುಂಗಾರಿನಲ್ಲಿ ಸುತ್ತಲ ನಲವತ್ತು ಹಳ್ಳಿಗಳಲ್ಲಿ ಸಿಡಿಲಿಗೆ ಒಂದು ಕುರಿಮರಿಯೂ ಸತ್ತಿರಲಿಲ್ಲ. ಹಿಂದೆಲ್ಲ ರೋಹಿಣಿ ಮಳೆ ಬಂತೆಂದರೆ ವಾರಕ್ಕೊಂದು ಹೆಣ ಹೊಲದಿಂದ ಮನೆಗೆ ಬರುತ್ತಿತ್ತು. ಬಯಲುಸೀಮೆಯ ಮನುಷ್ಯನಿಗೆ ಮೋಡ ಬಂದಾಗ ನಿಲ್ಲಲು ಮರವೊಂದೇ ಗತಿ; ಸಿಡಿಲಿಗೂ ಆ ಮರದ ಮೇಲೇ ಕಣ್ಣು.

ಮೋನಪ್ಪನ ಒಬ್ಬನೇ ಮಗ ಪ್ರಭಾಕರ ಹೋದದ್ದೂ ಹಾಗೆಯೇ. ಗೋಪುರ ಬರುವುದಕ್ಕೆ ಎರಡು ವರ್ಷ ಮುಂಚೆ ಅವನು ಗಿರಾಕಿಯೊಬ್ಬರ ಬೈಕಿನ ಪ್ಲಗ್ಗು ಬದಲಿಸಿ, ಓಡಿಸಿ ನೋಡಿ ಬರುತ್ತೇನೆಂದು ಹೊರಟ. ಹನಿ ಬಿದ್ದವೆಂದು ದಾರಿಯ ಹುಣಸೆಮರದ ಕೆಳಗೆ ನಿಂತ. ಮನೆಗೆ ತಂದಾಗ ಮೈಮೇಲೆ ಒಂದು ಗಾಯವಿರಲಿಲ್ಲ; ಎಡಗಾಲಿನ ಚಪ್ಪಲಿ ಮಾತ್ರ ಕರಗಿತ್ತು. ಅಂದಿನಿಂದ ಅವನ ತಾಯಿ ಕಾಳಮ್ಮ ಪಡುವಣದಲ್ಲಿ ಅಂಗೈಯಗಲ ಮೋಡ ಕಂಡರೂ ಒಳಮನೆ ಸೇರುತ್ತಿದ್ದಳು. ಬೀಸುವ ಕಲ್ಲಿನ ಹಿಂದೆ ಕುಗ್ಗಿ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ತವರಿಗೆ ಹೋಗಲಿಲ್ಲ, ಸಂತೆಗೆ ಹೋಗಲಿಲ್ಲ, ಯಾರ ಮದುವೆಗೂ ಹೋಗಲಿಲ್ಲ.

ಗೋಪುರ ಬಂದ ವರ್ಷದ ಮೊದಲ ಮಳೆ ಸದ್ದಿಲ್ಲದೆ ಸುರಿಯಿತು. ಮೋಡ ಕಪ್ಪಗೆ ಬಂದು, ಗುಡುಗದೆ ಮಿಂಚದೆ, ಯಾರೋ ಕೊಡ ಬಗ್ಗಿಸಿದ ಹಾಗೆ ಸುಮ್ಮನೆ ಸುರಿದುಹೋಯಿತು. ಮೋನಪ್ಪ ಗ್ಯಾರೇಜಿನಿಂದ ಓಡಿ ಬಂದು ನೋಡಿದರೆ ಹೆಂಡತಿ ಅಂಗಳದ ನಡುವೆ ನಿಂತು ತೊಯ್ಯುತ್ತಿದ್ದಳು, ಮುಖ ಮೇಲಕ್ಕೆತ್ತಿ. ಅವನು ಗುಡ್ಡದ ಕಡೆ ತಿರುಗಿ ಕೈಮುಗಿದ. ಆ ಕೈಮುಗಿದ ಗಳಿಗೆಯಿಂದಲೇ ಅವನ ನೆಮ್ಮದಿಯೂ ಹೋಯಿತು. ಬಡವನಿಗೆ ಸಿಕ್ಕಿದ್ದು ಕಳೆದೀತೆಂಬ ಭಯವೇ ಹೆಚ್ಚು. ಗೋಪುರದ ತುದಿಯ ಕೆಂಪು ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಎದ್ದು ನೋಡುವನು. ಊಟಕ್ಕೆ ಕೂತವನು ತುತ್ತು ಬಿಟ್ಟು ಹೊರಗೆ ಹೋಗಿ ಬರುವನು. ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕೆ ತಿರುಗುತ್ತೀರಿ ಎಂದು ಕಾಳಮ್ಮ ಗದರುತ್ತಿದ್ದಳು.

ಗೋಪುರದ ಕೇಂದ್ರಕ್ಕೆ ಮುಖ್ಯಸ್ಥೆಯಾಗಿ ಬಂದವಳು ಡಾಕ್ಟರ್ ತಬಸ್ಸುಮ್ ಇನಾಮದಾರ. ಪಕ್ಕದ ಊರಿನ ಮಾಸ್ತರರ ಮಗಳು. ಚಿಕ್ಕವಳಿದ್ದಾಗ ತಂದೆಯ ಮೊಪೆಡ್ಡಿನ ಹಿಂದೆ ಕೂತು ಈ ಗ್ಯಾರೇಜಿಗೆ ಬರುತ್ತಿದ್ದಳು. ಮೋನಪ್ಪ ಅವಳನ್ನು ಜನರ ಮುಂದೆ ಮೇಡಮ್ಮನವರೇ ಎನ್ನುತ್ತಿದ್ದ. ಇಬ್ಬರೇ ಇದ್ದಾಗ ತಬಸ್ಸುಮವ್ವ.

ಅವಳು ಒಂದು ದಿನ ಕಪ್ಪು ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಗ್ಯಾರೇಜಿಗೆ ಬಂದಳು. ಗಾಳಿಯಲ್ಲಿ ವಿದ್ಯುತ್ತು ಹೇಗೆ ಹಾರುತ್ತದೆಂದು ಅವನಿಗೆ ತಿಳಿಯುವಂತೆ ಹೇಳಿದಳು. ಗಾಳಿಯಲ್ಲಿ ಕಣ್ಣಿಗೆ ಕಾಣದ ಕಣಗಳುಂಟು, ಎಲೆಕ್ಟ್ರಾನು ಎಂದು ಅವಕ್ಕೆ ಹೆಸರು. ಒಂದು ಬೆದರಿ ಓಡಿದರೆ ಎದುರಿನದಕ್ಕೆ ಗುದ್ದಿ ಅದನ್ನೂ ಓಡಿಸುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಕಣ್ಣು ಪಿಳುಕಿಸುವುದರೊಳಗೆ ಇಡೀ ಹಿಂಡು ನುಗ್ಗುತ್ತದೆ. ಆ ನುಗ್ಗುವಿಕೆಯೇ ಕಿಡಿ. ಗೋಪುರದಿಂದ ಬಿಡುವ ಅನಿಲ ಓಡಲು ಹೊರಟ ಮೊದಲ ಹೋರಿಯ ಮೂಗುದಾರವನ್ನೇ ಹಿಡಿದುಬಿಡುತ್ತದೆ. ಹಿಂಡು ಏಳುವುದೇ ಇಲ್ಲ. ಮೋಡದ ವಿದ್ಯುತ್ತು ಮಳೆಹನಿಯ ಜೊತೆ ಚೂರುಚೂರಾಗಿ ಇಳಿದುಹೋಗುತ್ತದೆ.

"ಸಿಡಿಲು ಅಂದ್ರ ಎರಡು ಹರದಾರಿ ಗ್ಯಾಪ್ ಇರೋ ಪ್ಲಗ್ ಅಂತ ತಿಳ್ಕೋರಿ ಕಾಕಾ," ಎಂದಳು. "ಮೋಡದಾಗ ಒಂದು ತುದಿ, ಹೊಲದಾಗ ಒಂದು ತುದಿ."

ಮೋನಪ್ಪ ನಕ್ಕ. ಹಾಗಾದರೆ ಸಿಡಿಲು ಹಿಡಿಯುವ ಗಾಳಿ ತನ್ನ ಪ್ಲಗ್ಗುಗಳನ್ನೂ ಹಿಡಿಯುವುದು ನ್ಯಾಯವೇ ಎಂದ. ತೊಂದರೆ ಇರುವುದು ಅಲ್ಲೇ ಎಂದು ಅವಳು ಹೇಳಿದಳು. ಈ ಅನಿಲ ಗಾಳಿಗಿಂತ ಭಾರ. ಎತ್ತರದಿಂದ ನಿಧಾನವಾಗಿ ಇಳಿದು ತಗ್ಗಿನಲ್ಲಿ, ಹೊಳೆಯ ಮಗ್ಗುಲಲ್ಲಿ ನಿಲ್ಲುತ್ತದೆ. ಉಸಿರಿಗೆ ಕೇಡಿಲ್ಲ. ಆದರೆ ಅತಿಯಾಗಿ ಮಡುಗಟ್ಟಿದರೆ ಓಡುವ ಇಂಜಿನ್ನು ನಡುದಾರಿಯಲ್ಲಿ, ನಡುಹೊಳೆಯಲ್ಲಿ ಆರಿಹೋದೀತು. ಅದಕ್ಕೇ ಸರ್ಕಾರ ಒಂದು ಗಡಿ ಹಾಕಿದೆ. ಗುಡ್ಡದ ಯಂತ್ರಗಳು ಮೇಲಿನ ಗಾಳಿಯನ್ನು ಮಾತ್ರ ಅಳೆಯುತ್ತವೆ. ಕೆಳಗಿನದಕ್ಕೆ ಈ ಪೆಟ್ಟಿಗೆ. ನಲವತ್ತು ಹಳ್ಳಿಗಳಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಈ ಗ್ಯಾರೇಜು. ಆದ್ದರಿಂದ ಇಲ್ಲಿನ ಅಳತೆಯೇ ಕಡೆಯ ಮಾತು.

ಕೆಲಸವೂ ಸುಲಭದ್ದು. ಪೆಟ್ಟಿಗೆಯೊಳಗೆ ಕರೆಂಟಿನ ಒತ್ತಡ ಏರಿಸುವ ಒಂದು ಕಾಯಿಲು, ಹೊರಗೆ ಒಂದು ಸ್ಪಾರ್ಕ್ ಪ್ಲಗ್ಗು. ಪ್ಲಗ್ಗಿನ ತುದಿಯಲ್ಲಿರುವ ಎರಡು ಲೋಹದ ನಡುವಿನ ಸಂದನ್ನು, ಅಂದರೆ ಗ್ಯಾಪನ್ನು, ಒಂದು ನಿಗದಿತ ಅಳತೆಗೆ ಇಟ್ಟು ಗುಂಡಿ ಒತ್ತಬೇಕು. ಕಿಡಿ ಹಾರಿದರೆ ಗಾಳಿ ಗಡಿಯೊಳಗಿದೆ. ಹಾರದಿದ್ದರೆ ಅಂದೇ ಗೋಪುರ ನಿಲ್ಲಬೇಕು. ಅಳೆಯಲು ಅವಳು ಬೀಸಣಿಗೆಯಂತೆ ಬಿಚ್ಚುವ ಹೊಸ ಉಕ್ಕಿನ ಎಲೆಗಳ ಕಟ್ಟೊಂದನ್ನು ಕೊಟ್ಟು, ಅದರಲ್ಲೊಂದನ್ನು ತೋರಿಸಿ, "ಈ ಬ್ಲೇಡ್ ಕಾಕಾ. ದಿನಾ ಮುಂಜಾನೆ ಈ ಬ್ಲೇಡ್ ಹಾರತದೋ ಇಲ್ಲೋ ಅಷ್ಟೇ ಫೋನ್ ಮಾಡಿ ಹೇಳ್ರಿ," ಎಂದಳು.

ಮೋನಪ್ಪ ಆ ಕಟ್ಟನ್ನು ಎರಡು ಕೈಯಿಂದ ತೆಗೆದುಕೊಂಡ. ಅಷ್ಟು ನುಣುಪಾದ ಉಕ್ಕನ್ನು ಅವನು ಕಂಡಿರಲಿಲ್ಲ. ಅವಳು ಹೋದ ಮೇಲೆ ಅದಕ್ಕೆ ಕುಂಕುಮ ಹಚ್ಚಿ, ಗೂಡಿನಲ್ಲಿದ್ದ ಮೋನೇಶ್ವರನ ಪಟದ ಮುಂದೆ ಇಟ್ಟ. ಎಣ್ಣೆಗೈಯಲ್ಲಿ ಅಂಥದ್ದನ್ನು ಮುಟ್ಟಲು ಅವನಿಗೆ ಮನಸ್ಸಾಗಲಿಲ್ಲ. ಬ್ಲೇಡು ಎಂದರೆ ಅವನಿಗೆ ಬೇರೆಯೇ ಒಂದಿತ್ತು. ತಂದೆ ಕೊಟ್ಟ ಗರಗಸದ ಬ್ಲೇಡಿನ ಗೇಣುದ್ದದ ತುಂಡು. ಊರ ಗ್ಯಾರೇಜುಗಳಲ್ಲೆಲ್ಲ ಪ್ಲಗ್ಗಿನ ಗ್ಯಾಪು ನೋಡುವುದು ಗರಗಸದ ಬ್ಲೇಡಿನಿಂದಲೇ. ಅದರ ದಪ್ಪವೂ ಇಂಜಿನ್ನು ಬೇಡುವ ಸಂದೂ ಸರಿಸುಮಾರು ಒಂದೇ. ಮೂವತ್ತೆಂಟು ವರ್ಷ ಅವನು ಮುಟ್ಟಿದ ಪ್ಲಗ್ಗುಗಳೆಲ್ಲ ಆ ತುಂಡಿನ ಅಡಿಯಲ್ಲಿ ಹಾದುಹೋದವು. ಮರುದಿನದಿಂದ ಅವನು ಪೆಟ್ಟಿಗೆಯ ಪ್ಲಗ್ಗನ್ನೂ ಅದರಿಂದಲೇ ಅಳೆದ. ಕಿಡಿ ನೀಲಿಯಾಗಿ ಹಾರಿತು. ಬ್ಲೇಡು ಹಾರ್ತದವ್ವ ಎಂದು ಫೋನಿನಲ್ಲಿ ಹೇಳಿದ. ಅವಳು ಬರೆದುಕೊಂಡಳು.

ಮುಂಗಾರು ಕಳೆಯಿತು. ಹೆಚ್ಚಿನ ಪೆಟ್ರೋಲು ಗಾಡಿಗಳು ಬೇರೆ ಊರ ಗ್ಯಾರೇಜುಗಳಲ್ಲಿ ಸರಿಹೋಗಲಿಲ್ಲ. ಮೋನಪ್ಪನ ಕೈಯಲ್ಲಿ ಮಾತ್ರ ಸರಿಹೋದವು. ಅವನು ಪ್ಲಗ್ಗು ಬಿಚ್ಚಿ, ಮಸಿ ಉಜ್ಜಿ, ಬ್ಲೇಡು ಹಾಕಿ ಗ್ಯಾಪು ಕೂರಿಸಿ ಕೊಟ್ಟರೆ ಬೈಕು ಒಂದೇ ಕಿಕ್ಕಿಗೆ ಏಳುತ್ತಿತ್ತು. ಎಳೆತ ಸ್ವಲ್ಪ ಕಮ್ಮಿ, ಆದರೂ ಓಡುತ್ತಿತ್ತು. ಕೈಗುಣ ಅಂದರೆ ಮೋನಪ್ಪನದು ಎಂದು ಜನ ಹೊಗಳಿದರು. ಅವನು ಹಿಗ್ಗಿದ. ಮಗನನ್ನು ಕಸಿದುಕೊಂಡ ದೇವರು ಕೈಗಾದರೂ ಏನೋ ಕೊಟ್ಟನಲ್ಲ ಎಂದುಕೊಂಡ. ಆದರೆ ಒಳಗೆಲ್ಲೋ ಒಂದು ಮುಳ್ಳು ಆಡುತ್ತಿತ್ತು. ತಾನು ಹೊಸದೇನೂ ಮಾಡುತ್ತಿಲ್ಲವೆಂದು ಅವನ ಬೆರಳುಗಳಿಗೆ ಗೊತ್ತಿತ್ತು.

ಕೈಯಲ್ಲಿ ನಾಲ್ಕು ಕಾಸಿದ್ದವರು ಡೀಸೆಲ್ ಗಾಡಿಗೆ ತಿರುಗಿದರು. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಹಿಂಡಿದಾಗ ಹುಟ್ಟುವ ಕಾವಿನಿಂದಲೇ ಅದು ಹೊತ್ತಿಕೊಳ್ಳುತ್ತದೆ. ಚಳಿಯ ಮುಂಜಾನೆ ಇಂಜಿನ್ನಿನ ಮೈ ತಣ್ಣಗಿದ್ದಾಗ ಮಾತ್ರ ಆ ಕಾವು ಸಾಲದು. ಆಗ ಗ್ಲೋ ಪ್ಲಗ್ಗು ಬೇಕು. ಡ್ರೈವರರು ಅದನ್ನು ಹೀಟರ್ ಎನ್ನುತ್ತಾರೆ. ಬೆರಳುದ್ದದ ಕಡ್ಡಿ, ಬ್ಯಾಟರಿಯ ಕರೆಂಟು ಕೊಟ್ಟರೆ ಒಳಗೆ ಕೆಂಡದಂತೆ ಕೆಂಪಾಗುತ್ತದೆ. ಹಳೆಯ ಗಾಡಿಗಳಲ್ಲಿ ಎಷ್ಟು ಹೊತ್ತು ಕಾಯಿಸಬೇಕೆಂದು ತೋರಿಸುವ ದೀಪವೂ ಇರುವುದಿಲ್ಲ. ಮೋನಪ್ಪ ಎಲ್ಲರಿಗೂ ಒಂದೇ ಲೆಕ್ಕ ಹೇಳುತ್ತಿದ್ದ: ನಿಮ್ಮ ದೇವರ ಹೆಸರು ಇಪ್ಪತ್ತೊಂದು ಸಲ ಹೇಳಿರಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಹೊಳೆಯಲ್ಲಿ ದೋಣಿ ನಡೆಸುವ ಯಂಕೋಬ ಅಂಬಿಗೇರ ಮಾತ್ರ ಡೀಸೆಲ್ಲಿಗೆ ತಿರುಗಲಿಲ್ಲ. ಅವನಲ್ಲಿ ಎರಡು ದೋಣಿ. ಹಳೆಯ ಜೀಪಿನ ಡೀಸೆಲ್ ಇಂಜಿನ್ನು ಕೂರಿಸಿದ ದೊಡ್ಡದನ್ನು ಸುಗ್ಗಿಯಲ್ಲಿ ಚೀಲ ಸಾಗಿಸಲಷ್ಟೇ ನೀರಿಗಿಳಿಸುತ್ತಿದ್ದ. ಜನರಿಗೆ ಪೆಟ್ರೋಲಿನ ಹಗುರ ದೋಣಿ. ಅದನ್ನು ನಿಲ್ಲಿಸಿ ದೊಡ್ಡದನ್ನೇ ಬಿಡು ಎಂದು ಮೋನಪ್ಪ ಹೇಳಿದಾಗ ಯಂಕೋಬ ನಕ್ಕುಬಿಟ್ಟ.

"ನೀ ಕೂರಿಸಿದ ಪ್ಲಗ್ ಅದ ಅಲಾ ಮೋನಪ್ಪಣ್ಣ. ನಿನ್ನ ಕೈಮ್ಯಾಲ ನಿನಗೇ ನಂಬಿಕಿ ಇಲ್ಲೇನು?"

ಮೋನಪ್ಪ ಆ ಪ್ಲಗ್ಗನ್ನು ಇನ್ನೊಮ್ಮೆ ಬಿಗಿಮಾಡಿ ಮನೆಗೆ ಬಂದ.

ಎಳ್ಳಮಾವಾಸ್ಯೆ ಬಂತು. ಕಾಳಮ್ಮನ ತವರು ಹೊಳೆಯಾಚೆ. ಮೂರು ವರ್ಷ ಮನೆಬಿಟ್ಟು ಕದಲದವಳು ಈ ಸಲ ತವರ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬರುತ್ತೇನೆಂದಳು. ನಸುಕಿನಲ್ಲೆದ್ದು ಸಜ್ಜೆರೊಟ್ಟಿ ತಟ್ಟಿದಳು, ಕಡುಬು ಬೇಯಿಸಿದಳು, ಕಾಳು-ಸೊಪ್ಪಿನ ಭಜ್ಜಿಯ ಗಡಿಗೆಗೆ ಬಟ್ಟೆ ಕಟ್ಟಿದಳು. ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಉಟ್ಟಳು. ದಂಡೆಯವರೆಗೆ ಬುಟ್ಟಿ ಹೊತ್ತು ಹೋದ ಮೋನಪ್ಪ ಅವಳು ದೋಣಿಯೇರುವುದನ್ನು ನೋಡಿದ. ದೋಣಿಯಲ್ಲಿ ಒಂಬತ್ತು ಜನ. ಚುಕ್ಕಾಣಿ ಯಂಕೋಬನ ತಮ್ಮನದು. ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಅಲುಗದೆ ನಿಂತಿತ್ತು. ಕಾಲುವೆಗೆಂದು ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಸೆಳವು ಜೋರಾಗಿತ್ತು.

ಇಂಜಿನ್ನಿನ ಸದ್ದು ಮಂಜಿನೊಳಗೆ ದೂರ ದೂರ ಹೋಯಿತು. ನಡುಹೊಳೆಯಲ್ಲಿ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ನಿಂತಿತು.

ದಂಡೆಯ ಮೇಲಿದ್ದ ಯಂಕೋಬನೂ ಮೋನಪ್ಪನೂ ಒಬ್ಬರ ಮುಖ ಒಬ್ಬರು ನೋಡಿದರು. ಹಗ್ಗ ಎಳೆದು ಚಾಲೂ ಮಾಡುವ ಗರಗರ ಮತ್ತೆ ಮತ್ತೆ ಕೇಳಿಸಿತು. ಇಂಜಿನ್ನು ಏಳಲಿಲ್ಲ. ಹೆಂಗಸರ ದನಿ ಕೆಳಗಡೆಗೆ ಸರಿಯುತ್ತಿತ್ತು. ಅರ್ಧ ಹರದಾರಿ ಕೆಳಗೆ ಬಂಡೆಯ ಸಾಲು. ಅಲ್ಲಿ ನೀರು ಬಿಳಿಯಾಗಿ ಮುರಿಯುವುದು ಎಲ್ಲರಿಗೂ ಗೊತ್ತು. ಹುಟ್ಟು ಹಾಕಿ ಆ ಸೆಳವನ್ನು ಎದುರಿಸುವಂತಿರಲಿಲ್ಲ.

ಇಬ್ಬರೂ ದೊಡ್ಡ ದೋಣಿಗೆ ಓಡಿದರು. ಯಂಕೋಬ ಸೆಲ್ಫ್ ಹೊಡೆದ. ತಣ್ಣಗಿದ್ದ ಇಂಜಿನ್ನು ಬರಿದೆ ಹೊರಳಿತು. ಬ್ಯಾಟರಿ ತಿನ್ನಬೇಡ ಎಂದು ಮೋನಪ್ಪ ಅವನ ಕೈ ಹಿಡಿದ. ಹೀಟರಿನ ತಂತಿಗೆ ಬೆರಳಿಟ್ಟ, ಕಾವಿಲ್ಲ. ಆ ಕಾಲದ ಇಂಜಿನ್ನಿನಲ್ಲಿ ನಾಲ್ಕು ಹೀಟರುಗಳನ್ನು ಮಣಿಸರದಂತೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಒಂದು ಸತ್ತರೆ ಸರವೆಲ್ಲ ಸತ್ತಂತೆ. ಸತ್ತದ್ದು ಯಾವುದೆಂದು ಹುಡುಕಬೇಕು. ಬಲ್ಬು ಕಟ್ಟಿದ ತಂತಿಯನ್ನು ಒಂದೊಂದಕ್ಕೆ ಮುಟ್ಟಿಸಿದ. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದರಾಚೆ ಬಲ್ಬು ಹೊತ್ತಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ತಾಮ್ರದ ತಂತಿಯಿಂದ ಆ ಮೂರನೆಯದನ್ನು ದಾಟಿಸಿ ಸೇತುವೆ ಕಟ್ಟಿದ. ಕರೆಂಟು ಕೊಟ್ಟ.

"ಈಗ ಹೊಡಿ ಅಣ್ಣ, ಹೊಡಿ," ಎಂದು ಯಂಕೋಬ ಅಳುತ್ತ ಅಂದ.

"ಸುಮ್ಮನಿರು. ಹೆಸರು ಹೇಳು."

ಮೋನಪ್ಪ ಕಣ್ಣು ಮುಚ್ಚಿ ಶಿವನಾಮ ಶುರು ಮಾಡಿದ. ಬದುಕಿನಲ್ಲಿ ಅಷ್ಟು ಉದ್ದದ ಇಪ್ಪತ್ತೊಂದನ್ನು ಅವನು ಎಣಿಸಿರಲಿಲ್ಲ. ಹದಿಮೂರಕ್ಕೆ ಕಾಳಮ್ಮನ ದನಿ ಬೇರೆಯಾಗಿ ಕೇಳಿದಂತಾಯಿತು. ಹದಿನೇಳಕ್ಕೆ ಯಂಕೋಬನ ಕೈ ಗುಂಡಿಯತ್ತ ಹೋಯಿತು. ಮೋನಪ್ಪ ಆ ಕೈಯನ್ನು ಅದುಮಿ ಹಿಡಿದೇ ಉಳಿದ ನಾಲ್ಕನ್ನು ಮುಗಿಸಿದ. ಸೆಲ್ಫ್ ಹೊಡೆದಾಗ ಇಂಜಿನ್ನು ಒಂದು ಸಿಲಿಂಡರು ಕುಂಟುತ್ತ, ಕಪ್ಪು ಹೊಗೆ ಕಾರುತ್ತ ಎದ್ದಿತು. ಬಂಡೆಯ ಸಾಲಿಗೆ ಇನ್ನು ನಾಲ್ಕು ಮಾರು ಇರುವಾಗ ಅವರ ಹಗ್ಗ ಅರ್ಧ ನೀರು ತುಂಬಿದ್ದ ಸಣ್ಣ ದೋಣಿಗೆ ಸಿಕ್ಕಿತು. ಎಲ್ಲರೂ ಉಳಿದರು. ಭಜ್ಜಿಯ ಗಡಿಗೆ ಹೊಳೆಯ ಪಾಲಾಯಿತು.

ಅಂದು ಸಂಜೆ ಮೋನಪ್ಪ ಆ ದೋಣಿಯ ಪ್ಲಗ್ಗು ಬಿಚ್ಚಿ ತಂದು ಗ್ಯಾರೇಜಿನಲ್ಲಿ ಕೂತ. ತನ್ನ ಬ್ಲೇಡು ಸಂದಿನಲ್ಲಿ ಹಾಕಿದ. ಬಿಗಿಯಾಗಿ, ನಯವಾಗಿ ಜಾರಿತು. ಗ್ಯಾಪು ಸರಿಯಿದೆ. ಮುಂಜಾನೆ ಅದೇ ಬ್ಲೇಡಿನ ಕಿಡಿ ಪೆಟ್ಟಿಗೆಯಲ್ಲೂ ಹಾರಿತ್ತು, ಸ್ವಲ್ಪ ಬಿಳಿಚಿಕೊಂಡು. ಗಾಳಿ ಗಡಿಯೊಳಗಿದ್ದರೆ ದೋಣಿ ಯಾಕೆ ನಿಂತಿತು? ಎದ್ದ, ಕೂತ, ಮತ್ತೆ ಎದ್ದ. ಕಡೆಗೆ ಗೂಡಿನ ಮುಂದೆ ಹೋಗಿ, ಒಣಗಿದ ಕುಂಕುಮ ಒರೆಸಿ, ತಬಸ್ಸುಮ್ ಕೊಟ್ಟ ಉಕ್ಕಿನ ಎಲೆಗಳನ್ನು ಮೊದಲ ಸಲ ಬಿಚ್ಚಿದ. ಅವಳು ತೋರಿಸಿದ ಎಲೆಯನ್ನು ಅದೇ ಸಂದಿಗೆ ಹಿಡಿದ.

ಹೋಗಲಿಲ್ಲ. ತಿರುಗಿಸಿ ಹಿಡಿದ. ಹೋಗಲಿಲ್ಲ. ಅದಕ್ಕಿಂತ ತೆಳುವಾದ ಎಲೆ, ಅದಕ್ಕಿಂತ ತೆಳುವಾದದ್ದು. ಐದನೆಯ ಎಲೆ ಹೋಯಿತು. ಅದರ ಮೇಲೆ ಕೊರೆದಿದ್ದ ಅಂಕಿ ನಿಗದಿತ ಅಳತೆಯ ಮೂರರಲ್ಲಿ ಎರಡು ಪಾಲೂ ಇರಲಿಲ್ಲ.

ಅವನು ತಂದೆಯ ಬ್ಲೇಡನ್ನು ದೀಪಕ್ಕೆ ಹಿಡಿದು ನೋಡಿದ. ಕನ್ನಡಿಯಂತೆ ಹೊಳೆಯಿತು. ಯಾಕೆ ಹೊಳೆಯುತ್ತದೆಂದು ಆಗ ಹೊಳೆಯಿತು. ಪ್ರತಿ ಮಹಾನವಮಿಗೆ ಆಯುಧಗಳನ್ನು ಇಟ್ಟಿಗೆಪುಡಿ, ಎಣ್ಣೆ ಹಾಕಿ ಉಜ್ಜಿ ಪೂಜೆಗಿಡುವುದು ಅವರ ಮನೆತನದ ಪದ್ಧತಿ. ಸುತ್ತಿಗೆ, ಸ್ಪಾನರುಗಳಿಗೆ ನಾಲ್ಕು ಕೈ ತಿಕ್ಕಿದರೆ ಸಾಕು. ತಂದೆಯ ಬ್ಲೇಡಿಗೆ ಮಾತ್ರ ಅವನು ಗಂಟೆಗಟ್ಟಲೆ ತಿಕ್ಕುತ್ತಿದ್ದ. ಮಗ ಹೋದ ಮೇಲಿನ ನವಮಿಗಳಲ್ಲಂತೂ ಕಣ್ಣೀರು ಸುರಿಸುತ್ತ, ನಿಲ್ಲಿಸುವುದೇ ತಿಳಿಯದೆ ತಿಕ್ಕಿದ್ದ. ಮೂವತ್ತೆಂಟು ವರ್ಷದ ಪೂಜೆ ಬ್ಲೇಡನ್ನು ತಿಂದಿತ್ತು. ಕೈಗುಣವೆಂದು ಜನ ಹೊಗಳಿದ್ದು ಈ ಸವೆತವನ್ನು. ಸಂದು ಕಿರಿದಾದ್ದರಿಂದ ಕಿಡಿ ಹಾರುತ್ತಿತ್ತು, ಅಷ್ಟೇ. ಗಾಳಿ ಗಡಿ ದಾಟಿ ತಿಂಗಳುಗಳೇ ಆಗಿದ್ದವು. ದಿನವೂ ಮುಂಜಾನೆ ಅವನು ದೇವರಿಗೆ ಕೈಮುಗಿದು ಸುಳ್ಳು ಅಳತೆ ಹೇಳಿದ್ದ.

ನಾಲ್ಕು ದಿನಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಅಳತೆ ಸರಿಯಿದೆ ಎಂದಾದರೆ ಈ ಗೋಪುರ ಕಾಯಂ ಆಗುತ್ತದೆ, ಬೇರೆ ಜಿಲ್ಲೆಗಳ ಹೊಳೆದಂಡೆಗಳಲ್ಲಿ ಇನ್ನೂ ಹನ್ನೆರಡು ಏಳುತ್ತವೆ. ಅವನು ಬಾಯಿ ಬಿಟ್ಟರೆ ಕೆಂಪು ದೀಪ ಆರುತ್ತದೆ. ರೋಹಿಣಿ ಮಳೆ ಮತ್ತೆ ಹಳೆಯ ರೋಹಿಣಿಯಾಗುತ್ತದೆ.

ಕಾಳಮ್ಮನಿಗೆ ಹೇಳಿದ. ಅವಳು ಒಲೆಯ ಮುಂದಿದ್ದಳು. ಪೂರ್ತಿ ಕೇಳಿದಳು. ಯಾರಿಗೆಲ್ಲ ಗೊತ್ತು ಎಂದು ಕೇಳಿದಳು. ತನಗೊಬ್ಬನಿಗೇ ಎಂದ. ಹಾಗಾದರೆ ಆ ಬ್ಲೇಡನ್ನು ಹೊಳೆಗೆ ಹಾಕಿ, ನಾಳೆಯಿಂದ ಹೊಸದರಲ್ಲಿ ಅಳೆಯಿರಿ, ನಾಲ್ಕು ದಿನ ಹಾರಿತೆಂದೇ ಹೇಳಿರಿ, ಸಮಿತಿಯವರು ಬಂದುಹೋಗಲಿ ಎಂದಳು. ಹೊಳೆಯಲ್ಲಿ ಮುಳುಗುತ್ತಿದ್ದವಳು ನೀನೇ ಅಲ್ಲವೇ ಎಂದು ಅವನು ಕೇಳಿದ.

"ಹೌದ್ರಿ, ನಾನೇ. ನೀರು ಸೊಂಟಕ್ಕ ಬಂದಾಗೂ ನನಗ ಅಷ್ಟು ಅಂಜಿಕಿ ಆಗಲಿಲ್ಲ. ಹೊಳ್ಯಾಗ ಹೋಗೂದಿದ್ರ ಹೋಗ್ತೀನಿ. ಆ ಸಿಡಿಲಿನ ಬೆಳಕು ಮಾತ್ರ ನನ್ನ ಮನಿ ಮ್ಯಾಲ ತರಬ್ಯಾಡ್ರಿ."

ಮೂರು ದಿನ ಅವನು ಎಲ್ಲೂ ನಿಲ್ಲಲಿಲ್ಲ. ಗ್ಯಾರೇಜಿನಿಂದ ದಂಡೆಗೆ, ದಂಡೆಯಿಂದ ಗುಡಿಗೆ, ಗುಡಿಯಿಂದ ಗ್ಯಾರೇಜಿಗೆ. ಮುಂಜಾನೆ ಪೆಟ್ಟಿಗೆಯ ಮುಂದೆ ಕೂತು, ಹೊಸ ಎಲೆ ಹಾಕಿ ಗುಂಡಿ ಒತ್ತುವನು, ಕಿಡಿ ಇಲ್ಲ. ಫೋನು ಕೈಯಲ್ಲಿ ಹಿಡಿದು ಬೆವರುವನು. ಬ್ಲೇಡು ಹಾರ್ತದವ್ವ ಎನ್ನುವನು. ಯಂಕೋಬನಿಗೆ ಮಾತ್ರ ಸಣ್ಣ ದೋಣಿ ನೀರಿಗಿಳಿಸಬೇಡವೆಂದು ಆಣೆ ಹಾಕಿಸಿದ್ದ. ಆದರೆ ಮೇಲಿನ ಕಡವಿನಲ್ಲಿ, ಕೆಳಗಿನ ಕಡವಿನಲ್ಲಿ ಎಷ್ಟು ದೋಣಿ? ಬೇರೆ ಜಿಲ್ಲೆಯ ಹನ್ನೆರಡು ಗೋಪುರಗಳ ಕೆಳಗೆ ಎಷ್ಟು? ಅಲ್ಲಿ ಯಾರ ಹೆಂಡತಿ ಇಳಕಲ್ ಸೀರೆ ಉಟ್ಟು ಕೂತಿರುತ್ತಾಳೆ? ಅವರ ದಂಡೆಯಲ್ಲಿ ಡೀಸೆಲ್ ದೋಣಿ ಇರುತ್ತದೆಯೇ?

ನಾಲ್ಕನೆಯ ದಿನ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಯಾರಿಗೂ ಹೇಳದೆ ಗುಡ್ಡ ಹತ್ತಿದ.

ನಿಯಂತ್ರಣ ಕೊಠಡಿ ತಣ್ಣಗಿತ್ತು. ಗೋಡೆಯ ತುಂಬ ಪರದೆಗಳು. ನಲವತ್ತು ಹಳ್ಳಿಗಳ ನಕ್ಷೆ ಹಸಿರಾಗಿ ಹೊಳೆಯುತ್ತಿತ್ತು. ತಗ್ಗಿನ ಕಲ್ಲದೇವನ ಕ್ರಾಸೂ ಹಸಿರೇ. ಸಮಿತಿಯವರಿಗಾಗಿ ಕುರ್ಚಿ ಜೋಡಿಸುತ್ತಿದ್ದ ತಬಸ್ಸುಮ್ ಅವನನ್ನು ಕಂಡು ಚಹಾ ಹೇಳಹೋದಳು. ಅವನು ಬೇಡವೆಂದು, ಮೇಜಿನ ಮೇಲೆ ಎರಡನ್ನೂ ಇಟ್ಟ: ತಂದೆಯ ಬ್ಲೇಡು, ಅವಳು ಕೊಟ್ಟ 'ಬ್ಲೇಡು'. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಕುಂಕುಮದ ಸಂಗತಿಯನ್ನೂ ಬಿಡಲಿಲ್ಲ, ಕಡೆಯ ಮೂರು ದಿನದ ಸುಳ್ಳನ್ನೂ ಬಿಡಲಿಲ್ಲ.

ಅವಳು ಹಳೆಯ ಬ್ಲೇಡನ್ನು ಬೆರಳ ನಡುವೆ ತಿರುಗಿಸಿ ನೋಡಿದಳು. ಒಂದು ವರ್ಷದಲ್ಲಿ ಒಂದು ಸಲವಾದರೂ ತಾನೇ ಬಂದು ಅಳೆದು ನೋಡಬೇಕಿತ್ತು, ಹಸಿರು ಬಣ್ಣ ನೋಡುತ್ತ ಕೂತುಬಿಟ್ಟೆ ಎಂದಳು. ಅವಳ ಹತ್ತು ವರ್ಷದ ದುಡಿಮೆ ಆ ಗೋಪುರದಲ್ಲಿತ್ತು. ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಹುಡುಗಿಯೂ ಸಿಡಿಲಿಗೇ ಹೋದವಳು. ಮೋನಪ್ಪನಿಗೆ ಅದು ಗೊತ್ತಿತ್ತು.

"ನೀವು ಹೇಳಲಿಲ್ಲಂದ್ರ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ ಕಾಕಾ," ಎಂದಳು.

"ಇಂಜಿನ್ನಿಗೆ ಗೊತ್ತಾಗಿತ್ತಲ್ಲವ್ವ."

ಅವಳು ಎದ್ದು ಹೋಗಿ ಒಂದು ಗುಂಡಿ ತಿರುಗಿಸಿದಳು. ಮೇಲೆಲ್ಲೋ ವರ್ಷದಿಂದ ಗುಂಯ್‌ಗುಡುತ್ತಿದ್ದ ಪಂಪು ಇಳಿದಿಳಿದು ನಿಂತಿತು. ಅದು ನಿಂತ ಮೇಲೆಯೇ ಅಷ್ಟು ದಿನ ಅದು ಕೇಳಿಸುತ್ತಿತ್ತೆಂದು ಇಬ್ಬರಿಗೂ ತಿಳಿದದ್ದು. ಮಾಡಿದ ತಪ್ಪಿಗೆ ಏನು ಶಿಕ್ಷೆಯೋ ಕೊಡವ್ವ ಎಂದು ಅವನು ಕೈಮುಗಿದ. ಅವಳು ಆ ಮಾತಿಗೆ ಹೋಗಲಿಲ್ಲ. ಬರುವ ಮುಂಗಾರಿನೊಳಗೆ ಊರೂರಿಗೆ ತಾನೇ ಬಂದು ಹೇಳುತ್ತೇನೆ ಎಂದಳು. ಮೋಡ ಬಂದಾಗ ಮರದ ಕೆಳಗೆ ನಿಲ್ಲಬೇಡಿ. ತಗಡಿನ ಮೈಯಿರುವ ಮುಚ್ಚಿದ ಗಾಡಿಯೊಳಗೆ ಕೂತರೆ ಸಿಡಿಲು ಗಾಡಿಯ ಹೊರಮೈಯಿಂದಲೇ ಇಳಿದು ನೆಲ ಸೇರುತ್ತದೆ, ಒಳಗಿದ್ದವರನ್ನು ಮುಟ್ಟುವುದಿಲ್ಲ. ಇಷ್ಟಾದರೂ ಜನಕ್ಕೆ ತಿಳಿಯಬೇಕು ಎಂದಳು.

ಮೋನಪ್ಪ ಮನೆಗೆ ಬಂದಾಗ ಕಾಳಮ್ಮ ಅಂಗಳದಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದಳು. ಕೆಂಪು ದೀಪವಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಅವನ ಪಾಲಿನ ರೊಟ್ಟಿಯನ್ನು ತಾಟಿನಲ್ಲಿಟ್ಟು ಮುಚ್ಚಿ, ಮಗ್ಗುಲ ಕೋಣೆಗೆ ನಡೆದಳು. ಆ ದಿನದಿಂದ ಅವನೊಡನೆ ಮಾತು ಬಿಟ್ಟಳು. ನೀರು ಬೇಕಾದರೆ ಚೊಂಬು ತಂದಿಡುವಳು. ಯಾರಾದರೂ ಬಂದರೆ ಬಾಗಿಲು ಬಡಿದು ತಿಳಿಸುವಳು. ಊರಿನಲ್ಲಿಯೂ ಕೆಲವರು ಅವನ ಗ್ಯಾರೇಜಿಗೆ ಬರುವುದನ್ನು ಬಿಟ್ಟರು. ಇವನ ಬಾಯಿ ಸುಮ್ಮನಿದ್ದರೆ ನಮ್ಮ ಮಕ್ಕಳಿಗೆ ಸಿಡಿಲಿನ ಭಯವಿರುತ್ತಿರಲಿಲ್ಲ ಎಂದು ಕಟ್ಟೆಯ ಮೇಲೆ ಕೂತವರು ಅವನಿಗೆ ಕೇಳುವಂತೆಯೇ ಆಡಿಕೊಂಡರು. ಅವನು ತಲೆ ಬಗ್ಗಿಸಿ ನಡೆದ. ಅವರ ಮಾತು ಸುಳ್ಳೆಂದು ಹೇಳಲು ಅವನಿಂದಾಗುತ್ತಿರಲಿಲ್ಲ.

ಮಾಘ ಕಳೆಯಿತು, ಯುಗಾದಿ ಕಳೆಯಿತು. ಲೈಟರಿನಲ್ಲಿ ಕಿಡಿ ಮರಳಿತು. ಬೈಕುಗಳು ಎಲ್ಲರ ಕೈಯಲ್ಲೂ ಒಂದೇ ಕಿಕ್ಕಿಗೆ ಎದ್ದವು. ತಬಸ್ಸುಮ್ ಹೇಳಿದಂತೆ ಊರೂರು ತಿರುಗಿದಳು. ಕೇಳಿದವರು ಕೆಲವರು, ನಕ್ಕವರು ಹಲವರು. ಕಾಳಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು.

ರೋಹಿಣಿಯ ಎರಡನೆಯ ದಿನ ಮಧ್ಯಾಹ್ನ ಪಡುವಣ ಕಪ್ಪಾಯಿತು. ಗಾಳಿ ಬಿದ್ದುಹೋಯಿತು. ಮೋನಪ್ಪ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ. ಹೊಳೆಯ ಬಯಲಲ್ಲಿ ಕುರಿಗಾರರ ತಂಡವೊಂದು ಬೀಡುಬಿಟ್ಟಿತ್ತು. ಹೊಲಗಳಲ್ಲಿ ಬಿತ್ತನೆಗೆ ನೆಲ ಹದ ಮಾಡುವ ಹೆಂಗಸರಿದ್ದರು. ಹನಿ ಶುರುವಾದೊಡನೆ ಅವರೆಲ್ಲ ಗೋಣಿತಟ್ಟು ಹೊದ್ದು ಹುಣಸೆಮರದತ್ತ ಹೊರಟರು. ದೂರದಲ್ಲಿ ಒಂದು ಬೆಳ್ಳಿಗೆರೆ ನೆಲ ಮುಟ್ಟಿತು. ಹಿಂದೆಯೇ ಸದ್ದು.

ಮೋನಪ್ಪ ಮೊದಲು ನೋಡಿದ್ದು ಮನೆಯ ಕಡೆ. ಬಾಗಿಲು ಹಾರುಹೊಡೆದಿತ್ತು. ಕಾಳಮ್ಮ ರಸ್ತೆಯ ನಡುವೆ ಬರುತ್ತಿದ್ದಳು. ಸೆರಗು ಜಾರಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಮೈ ನಡುಗುವುದು ಅಷ್ಟು ದೂರದಿಂದಲೇ ಕಾಣುತ್ತಿತ್ತು. ಅವಳು ಮರದತ್ತ ಹೋಗುವವರಿಗೆ ಅಡ್ಡ ನಿಂತಳು. ಎರಡು ಕೈ ಚಾಚಿ, ಕೋಳಿಮರಿ ಅಟ್ಟುವವಳಂತೆ ಅವರನ್ನು ಗ್ಯಾರೇಜಿನ ಕಡೆ ತಿರುಗಿಸಿದಳು. ಒಬ್ಬ ಮುದುಕ ಕುರಿ ಬಿಟ್ಟು ಬರಲಾರೆನೆಂದಾಗ ಅವನ ತೋಳು ಹಿಡಿದು ಎಳೆದಳು, ಏನೋ ಬೈದಳು. ಇನ್ನೊಂದು ಮಿಂಚು ಇಳಿಯಿತು. ಅವಳು ನೆಲಕ್ಕೆ ಕುಸಿದಳು, ಎದ್ದಳು, ಮತ್ತೆ ಎಳೆದಳು.

ಗ್ಯಾರೇಜಿನ ಅಂಗಳದಲ್ಲಿ ದುರಸ್ತಿಗೆ ಬಂದ, ತಗಡಿನ ಮೈಯ ಒಂದು ಟೆಂಪೊ, ಒಂದು ಜೀಪು, ಒಂದು ಲಾರಿ ನಿಂತಿದ್ದವು. ಮೋನಪ್ಪ ಟೆಂಪೊದ ಬಾಗಿಲು ತೆರೆದ. ಹೆಂಗಸರು ಮಕ್ಕಳನ್ನೆತ್ತಿಕೊಂಡು ಹತ್ತಿದರು. ಟೆಂಪೊ ತುಂಬಿತು, ಜೀಪು ತುಂಬಿತು. ಅವನು ಗಾಜು ಏರಿಸುತ್ತ, ಒಳಗಿನ ಕಬ್ಬಿಣ ಮುಟ್ಟಬೇಡಿರೆಂದು ಹೇಳುತ್ತ ಓಡಾಡಿದ. ಕಾಳಮ್ಮ ಕಡೆಯ ಗುಂಪಿನೊಡನೆ ಬಂದಳು. ಮಳೆ ಅವಳ ಮುಖದ ಮೇಲೆ ಹರಿಯುತ್ತಿತ್ತು. ತುಂಬಿದ ಎರಡು ಗಾಡಿಗಳನ್ನೂ ನೋಡಿದಳು, ಹಿಂದೆ ಬಯಲನ್ನು ನೋಡಿದಳು, ಗಂಡನ ಮುಖ ನೋಡಿದಳು.

"ನಿಂತು ಏನ್ ನೋಡ್ತೀರಿ? ಲಾರಿ ಬಾಗಲಾ ತೆರೀರಿ, ಇನ್ನೂ ನಾಕು ಮಂದಿ ಬರ್ಲಿಕತ್ಯಾರ."

ಐದು ತಿಂಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಮೋನಪ್ಪ ಲಾರಿಯ ಕಡೆ ಓಡಿದ.